ಮೂತ್ರಪಿಂಡದ ರೋಗಿ ಸೊರಗುವುದೇಕೆ?

ನಮ್ಮ ವಾಚನಾಲಯಕ್ಕೆ ಪ್ರತಿ ಸಂಜೆ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರಿದ್ದರು. ಹೆಸರು ಇಲ್ಲಿ ಬೇಡ; ರಾಯರೆಂದು ಕರೆಯೋಣ. ರೈಲ್ವೆಯ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ನಾಗಪುರಕ್ಕೆ ಬಂದು, ನಿವೃತ್ತರಾದ ಮೇಲೂ ಇಲ್ಲಿಯೇ ನೆಲೆ ನಿಂತವರು. ಹಳೆಯ ಸಕ್ಕರೆ ಕಾಯಿಲೆಯಿಂದ ಅವರ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಸ್ಥಿತಿ ಬಂದಿತ್ತು. ಒಂದು ದಿನ ಪತ್ರಿಕೆಯ ಹಾಳೆ ಮಗುಚುವಾಗ ಅವರ ಬೆರಳಿನ ಉಂಗುರ ಜಾರಿ ಮೇಜಿನ ಕೆಳಗೆ ಉರುಳಿತು. "ದಾರ ಸುತ್ತಿ ನೋಡಿದೆ, ಆದರೂ ನಿಲ್ಲೋದಿಲ್ಲ" ಎಂದು ನಕ್ಕರು. ತೂಕ ಇಳಿದಿದೆಯೆ ಎಂದು ಕೇಳಿದೆ. "ಏನೂ ಇಳಿದಿಲ್ಲ, ಹೋದ ವರ್ಷ ಅರವತ್ತು, ಈಗಲೂ ಅರವತ್ತು" ಎಂದರು.

ಉಂಗುರ ಜಾರುತ್ತದೆ, ತೂಕ ಇಳಿಯುವುದಿಲ್ಲ. ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ. ಆ ಒಗಟನ್ನು ಬಿಡಿಸುವುದೇ ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ರಸಾಯನಶಾಸ್ತ್ರ ಕಲಿಸಿದ ಮೇಷ್ಟರು. ಇಲ್ಲಿ ಹೇಳಿರುವುದು ವೈದ್ಯಶಾಸ್ತ್ರ ಒಪ್ಪಿರುವ ಸಂಗತಿಗಳೇ ಆದರೂ, ಇದನ್ನು ಓದಿದ ಮಾತ್ರಕ್ಕೆ ಯಾರೂ ತಮ್ಮ ಔಷಧವನ್ನಾಗಲಿ ಪಥ್ಯವನ್ನಾಗಲಿ ತಾವೇ ಬದಲಾಯಿಸತಕ್ಕದ್ದಲ್ಲ.

ಮೊದಲು ಮೂತ್ರಪಿಂಡಗಳ ವಿಚಾರ. ಬೆನ್ನಿನ ಎರಡು ಪಕ್ಕಗಳಲ್ಲಿ, ಅವರೆಕಾಳಿನ ಆಕಾರದಲ್ಲಿ, ಮುಷ್ಟಿಗಾತ್ರದ ಈ ಎರಡು ಅಂಗಗಳಿವೆ. ಒಂದೊಂದರ ತೂಕ ಸುಮಾರು ೧೫೦ ಗ್ರಾಂ. ಒಂದೊಂದರಲ್ಲಿಯೂ ಹತ್ತಿರ ಹತ್ತಿರ ೧೦ ಲಕ್ಷ ಸೂಕ್ಷ್ಮ ಶೋಧಕಗಳು. ಇವು ದಿನಕ್ಕೆ ಸುಮಾರು ೧೮೦ ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಕಳಿಸುತ್ತವೆ. ಕಸ ತೆಗೆಯುವುದೊಂದೇ ಇವುಗಳ ಕೆಲಸವೆಂದು ತಿಳಿಯಬಾರದು. ರಕ್ತದ ಆಮ್ಲ-ಕ್ಷಾರಗಳ ತೂಕವನ್ನು ಕಾಯುವುದು, ಕೆಂಪು ರಕ್ತಕಣಗಳನ್ನು ಹುಟ್ಟಿಸೆಂದು ಮೂಳೆಯ ಮಜ್ಜೆಗೆ ಹೇಳಿಕಳಿಸುವುದು, ಡಿ ಜೀವಸತ್ವವನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದು, ಇವೆಲ್ಲ ಅವುಗಳದೇ. ಆದುದರಿಂದ ಮೂತ್ರಪಿಂಡ ಕೆಟ್ಟರೆ ಮೂತ್ರ ಕೆಡುವುದಷ್ಟೇ ಅಲ್ಲ, ಮೈಯೆಲ್ಲ ಕೆಡುತ್ತದೆ.

ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯನು ೧೮೨೭ರಲ್ಲಿ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿದನು. ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಾಕಿ ದೀಪದ ಮೇಲೆ ಹಿಡಿದರೆ ಅದು ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಹೆಪ್ಪುಗಟ್ಟುತ್ತಿದ್ದ ಆ ಪದಾರ್ಥವೇ ಆಲ್ಬ್ಯುಮಿನ್. ಇದು ರಕ್ತದಲ್ಲಿರಬೇಕಾದ ಪ್ರೋಟೀನು, ಎಂದರೆ ನಮ್ಮ ಹಳೆಯ ಪಾಠಪುಸ್ತಕಗಳ ಸಸಾರಜನಕ. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು, ಮುಂದೆ ಮತ್ತೆ ಬರುತ್ತದೆ.

ಈಗ ರಾಯರ ವಿಷಯಕ್ಕೆ ಬರೋಣ. ಅವರ ಮನೆಗೆ ಹೋದಾಗ ಅಡಿಗೆಮನೆಯ ಸ್ಥಿತಿ ತಿಳಿಯಿತು. ಮೂರು ವರ್ಷದ ಹಿಂದೆ, ಇನ್ನೂ ಡಯಾಲಿಸಿಸ್ ಬೇಕಾಗದಿದ್ದ ಕಾಲದಲ್ಲಿ, ವೈದ್ಯರು ಬೇಳೆ, ಹಾಲು, ಮೊಸರುಗಳನ್ನು ಮಿತಿಗೊಳಿಸಿ ಎಂದಿದ್ದರು. "ಅವರು ಕಡಿಮೆ ಮಾಡಿ ಅಂದ್ರು, ನಾನು ಪೂರ್ತಿ ನಿಲ್ಲಿಸಿಬಿಟ್ಟೆ. ಅನ್ನ, ತಿಳಿ ಸಾರು, ಎರಡು ಬಿಸ್ಕತ್ತು. ಇವರೂ ಪಾಪ, ಕೊಟ್ಟದ್ದನ್ನು ತಿಂದುಕೊಂಡು ಸುಮ್ಮನಿದ್ದಾರೆ" ಎಂದು ಆ ತಾಯಿ ಹೇಳಿದರು. ಅವರ ಮಾತಿನಲ್ಲಿ ಹೆಮ್ಮೆಯೂ ಇತ್ತು. ಪಥ್ಯ ಕಟ್ಟುನಿಟ್ಟಾದಷ್ಟೂ ಸೇವೆ ಹೆಚ್ಚೆಂಬುದು ನಮ್ಮ ಮನೆಗಳ ನಂಬಿಕೆ. "ಲಂಘನಂ ಪರಮೌಷಧಂ" ಎಂಬ ಮಾತು ಜ್ವರ ಅಜೀರ್ಣಗಳಿಗೆ ಹೊಂದೀತು. ಈ ರೋಗದಲ್ಲಿ ಲಂಘನವೇ ಒಂದು ರೋಗ.

ವೈದ್ಯರ ಮೂಲ ಸಲಹೆಯೇನೂ ತಪ್ಪಲ್ಲ. ಪ್ರೋಟೀನು ಮೈಯಲ್ಲಿ ಜೀರ್ಣವಾಗಿ ಉಳಿಯುವ ಕಸವೇ ಯೂರಿಯ ಮೊದಲಾದವು. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಪ್ರೋಟೀನು ಕಡಿಮೆ ತಿಂದರೆ ಕಸವೂ ಕಡಿಮೆ, ಪಿಂಡದ ಮೇಲಿನ ಭಾರವೂ ಕಡಿಮೆ. ಇಟಲಿಯ ಜೋರ್ಡಾನೊ ೧೯೬೩ರಲ್ಲಿಯೂ, ಜೊವಾನೆಟ್ಟಿ ಮತ್ತು ಮಜ್ಜೋರೆ ಎಂಬವರು ೧೯೬೪ರಲ್ಲಿಯೂ, ಬಹಳ ಕಡಿಮೆ ಪ್ರೋಟೀನಿನ ಆಹಾರದಿಂದ ರೋಗಿಗಳ ವಾಕರಿಕೆ ಬಳಲಿಕೆಗಳು ಇಳಿಯುವುದನ್ನು ತೋರಿಸಿದರು. ಆಗ ಡಯಾಲಿಸಿಸ್ ಬಹು ಅಪರೂಪ. ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ೧೯೪೩ರಲ್ಲಿ ತಿರುಗುವ ಪೀಪಾಯಿಯ ಮೇಲೆ ಸೆಲ್ಲೊಫೇನ್ ಕೊಳವೆ ಸುತ್ತಿ ಯಂತ್ರವನ್ನು ಮಾಡಿದ್ದನಾದರೂ, ತಿಂಗಳುಗಟ್ಟಲೆ ವರ್ಷಗಟ್ಟಲೆ ಡಯಾಲಿಸಿಸ್ ನಡೆಸುವುದು ಸಾಧ್ಯವಾದದ್ದು ೧೯೬೦ರ ನಂತರ. ನಮ್ಮ ದೇಶದಲ್ಲಿ ಬಹುಮಂದಿ ಈ ಶಬ್ದವನ್ನು ಮೊದಲು ಕೇಳಿದ್ದು ಜಯಪ್ರಕಾಶ ನಾರಾಯಣರ ಕಾರಣದಿಂದ. ೧೯೭೫ರಲ್ಲಿ ಬಂಧನದಲ್ಲಿದ್ದಾಗ ಅವರ ಮೂತ್ರಪಿಂಡಗಳು ಕೆಟ್ಟವು. ೧೯೭೯ರ ಅಕ್ಟೋಬರ್ ೮ರಂದು ತೀರಿಕೊಳ್ಳುವವರೆಗೆ ಡಯಾಲಿಸಿಸ್ ಅವರ ಜೀವವನ್ನು ಹಿಡಿದಿತ್ತು.

ರಾಯರ ಮನೆಯಲ್ಲಿ ಆದ ತಪ್ಪು ಇಷ್ಟೆ. ಡಯಾಲಿಸಿಸ್ ಆರಂಭವಾದ ದಿನ ಪಥ್ಯದ ಲೆಕ್ಕ ತಿರುವುಮುರುವಾಗುತ್ತದೆ, ಅದು ಅವರಿಗೆ ತಿಳಿದಿರಲಿಲ್ಲ. ಡಯಾಲಿಸಿಸ್ಸಿಗೆ ಮುನ್ನ ರೋಗ ಮುಂದುವರಿದವರಿಗೆ, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೦.೬ರಿಂದ ೦.೮ ಗ್ರಾಂ ಪ್ರೋಟೀನು ಎಂಬುದು ಈಗ ಸಾಮಾನ್ಯವಾಗಿ ಹೇಳುವ ಪ್ರಮಾಣ. ಡಯಾಲಿಸಿಸ್ಸಿನಲ್ಲಿರುವವರಿಗೆ ೧.೦ರಿಂದ ೧.೨ ಗ್ರಾಂ. ೬೦ ಕಿಲೋಗ್ರಾಂ ತೂಕದವನಿಗೆ ಹಿಂದೆ ೩೬ರಿಂದ ೪೮ ಗ್ರಾಂ ಸಾಕಾಗಿದ್ದರೆ ಈಗ ೬೦ರಿಂದ ೭೨ ಬೇಕು. ಕಾರಣ ಸ್ಪಷ್ಟವಾಗಿದೆ. ಯಂತ್ರಕ್ಕೆ ಕಸ ಯಾವುದು, ಕಾಳು ಯಾವುದು ಎಂಬ ವಿವೇಕವಿಲ್ಲ. ನಾಲ್ಕು ಗಂಟೆಯ ಒಂದು ಸರದಿಯಲ್ಲಿ ಯೂರಿಯದೊಂದಿಗೆ ಹಲವು ಗ್ರಾಂ ಅಮೈನೊ ಆಮ್ಲಗಳೂ, ಎಂದರೆ ಪ್ರೋಟೀನು ಕಟ್ಟುವ ಇಟ್ಟಿಗೆಗಳೂ, ಹರಿದುಹೋಗುತ್ತವೆ. ಹೊಟ್ಟೆಯ ಪೊರೆಯ ಮೂಲಕ ಮಾಡುವ ಡಯಾಲಿಸಿಸ್ಸಿನಲ್ಲಿ ದಿನಕ್ಕೆ ೫ರಿಂದ ೧೦ ಗ್ರಾಂ ಪ್ರೋಟೀನು ಹೋಗುವುದುಂಟು. ಅಲ್ಲಿ ಸೋಂಕಾದರೆ ನಷ್ಟ ಇನ್ನೂ ಹೆಚ್ಚು.

ಇದಲ್ಲದೆ ಸೊರಗಲು ಬೇರೆ ಕಾರಣಗಳೂ ಇವೆ. ರಕ್ತದಲ್ಲಿ ಕಸ ನಿಂತರೆ ಹಸಿವು ಸಾಯುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ಯಂತ್ರದ ದಿನ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟ ಬಿಡುತ್ತಾರೆ. ಸಂಜೆ ಮನೆಗೆ ಬಂದರೆ ಉಣ್ಣುವ ಶಕ್ತಿಯಿರುವುದಿಲ್ಲ, ಮಲಗುತ್ತಾರೆ. ಇನ್ನು ಆಮ್ಲದ ಸಂಗತಿ. ಪಿಂಡ ಹೊರಹಾಕದ ಆಮ್ಲ ರಕ್ತದಲ್ಲಿ ಶೇಖರವಾದಾಗ, ಅದು ಸ್ನಾಯುವಿನೊಳಗಿನ ಪ್ರೋಟೀನು ಒಡೆಯುವ ವ್ಯವಸ್ಥೆಯನ್ನು ಕೆರಳಿಸುತ್ತದೆ. ಎಂದರೆ ಉಂಡರೂ ಮಾಂಸ ಕರಗುತ್ತಿರುತ್ತದೆ. ಲಂಡನ್ನಿನಲ್ಲಿ ೧೩೪ ರೋಗಿಗಳ ಮೇಲೆ ನಡೆಸಿ ೨೦೦೯ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸೋಡಿಯಂ ಬೈಕಾರ್ಬೊನೇಟ್ ಗುಳಿಗೆ ತೆಗೆದುಕೊಂಡವರಲ್ಲಿ ರೋಗದ ವೇಗ ತಗ್ಗಿ ಪೋಷಣೆಯೂ ಸುಧಾರಿಸಿತು. ಆ ಬಳಿಕದ ಎಲ್ಲ ಪರೀಕ್ಷೆಗಳೂ ಅಷ್ಟು ಅನುಕೂಲವಾಗಿ ಬರಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ರಕ್ತದ ಬೈಕಾರ್ಬೊನೇಟ್ ಎಷ್ಟಿದೆಯೆಂದು ವೈದ್ಯರು ಆಗಾಗ ನೋಡುವುದು ಈ ಕಾರಣಕ್ಕೆ. ಅಡಿಗೆ ಸೋಡವನ್ನು ತಾವೇ ನುಂಗಲು ಹೋಗಬಾರದು. ಅದರೊಡನೆ ಸೋಡಿಯಂ ಒಳಕ್ಕೆ ಹೋಗಿ ಮೈ ಊದೀತು.

ಹಸಿವೆ ಇಲ್ಲದ್ದು, ಊಟ ಕಡಿಮೆಯಾದದ್ದು, ಮಾಂಸ ಕರಗಿದ್ದು, ಇವಿಷ್ಟೇ ಕಾರಣವಾಗಿದ್ದರೆ ಪರಿಹಾರ ಸುಲಭವಿತ್ತು. ಚೆನ್ನಾಗಿ ಉಣಬಡಿಸಿದರಾಯಿತು. ಆದರೆ ಎಷ್ಟು ಉಣಬಡಿಸಿದರೂ ಮೈಗೆ ಹತ್ತದ ರೋಗಿಗಳು ಬಹಳ ಮಂದಿ. ಇದು ವೈದ್ಯರನ್ನು ಬಹುಕಾಲ ಕಾಡಿದ ಪ್ರಶ್ನೆ. ಉತ್ತರ ದೊರೆತದ್ದು ಉರಿಯೂತದಲ್ಲಿ.

ಉರಿಯೂತವೆಂದರೇನು? ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ಕೆಂಪಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಈ ನಾಲ್ಕು ಚಿಹ್ನೆಗಳನ್ನು ಕ್ರಿಸ್ತಶಕದ ಮೊದಲ ಶತಮಾನದಲ್ಲಿಯೇ ರೋಮಿನ ಸೆಲ್ಸಸ್ ಬರೆದಿಟ್ಟಿದ್ದಾನೆ. ಇದು ಶತ್ರು ನುಗ್ಗಿದಾಗ ದೇಹ ಹೂಡುವ ಯುದ್ಧ. ಯುದ್ಧ ಮುಗಿದ ಮೇಲೆ ಸೈನ್ಯ ಚದುರಬೇಕು. ಮೂತ್ರಪಿಂಡದ ರೋಗಿಯಲ್ಲಿ ಆಗುವುದೇನೆಂದರೆ, ಕೆಂಪು ಊತ ನೋವು ಯಾವುದೂ ಹೊರಗೆ ಕಾಣದೆ, ಸಣ್ಣ ಪ್ರಮಾಣದ ಯುದ್ಧವೊಂದು ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೂದಿ ಮುಚ್ಚಿದ ಕೆಂಡ.

ಈ ಕೆಂಡವನ್ನು ಪತ್ತೆಮಾಡುವ ಒಂದು ಸಾಧನ ೧೯೩೦ರಲ್ಲಿಯೇ ಸಿಕ್ಕಿತ್ತು. ನ್ಯೂಯಾರ್ಕಿನ ರಾಕಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಹೊಸದೊಂದು ಪ್ರೋಟೀನನ್ನು ಕಂಡರು. ಅದು ನ್ಯುಮೋನಿಯದ ರೋಗಾಣುವಿನಲ್ಲಿರುವ 'ಸಿ' ಎಂಬ ಅಂಶದೊಡನೆ ಕೂಡಿ ಗಸಿಯಾಗಿ ಇಳಿಯುತ್ತಿತ್ತು. ಅದಕ್ಕೆ ಸಿ-ರಿಯಾಕ್ಟಿವ್ ಪ್ರೋಟೀನ್ ಎಂದು ಹೆಸರಾಯಿತು. ಪ್ರಯೋಗಶಾಲೆಯ ಚೀಟಿಗಳಲ್ಲಿ ಸಿಆರ್‌ಪಿ ಎಂದಿರುವುದು ಇದೇ. ದೇಹದಲ್ಲಿ ಎಲ್ಲಿಯಾದರೂ ಉರಿಯೂತವಿದ್ದರೆ ಯಕೃತ್ತು ಇದನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಎಲ್ಲಿ ಎಂದು ಅದು ಹೇಳುವುದಿಲ್ಲ, ಇದೆ ಎಂದಷ್ಟೇ ಹೇಳುತ್ತದೆ. ಅನಂತರ ೧೯೮೫ರಲ್ಲಿ ಅದೇ ಸಂಸ್ಥೆಯಲ್ಲಿ ಬ್ಯೂಟ್ಲರ್ ಮತ್ತು ಸೆರಾಮಿ ಎಂಬವರು, ಸೋಂಕಾದ ಪ್ರಾಣಿಗಳು ಏಕೆ ಎಲುಬಿನ ಹಂದರವಾಗುತ್ತವೆ ಎಂಬುದನ್ನು ಹುಡುಕುತ್ತ, ಅದಕ್ಕೆ ಕಾರಣವಾದ ಪದಾರ್ಥವೊಂದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಕೆಟ್ಟ ದೇಹಸ್ಥಿತಿ ಎಂಬ ಅರ್ಥದ ಗ್ರೀಕ್ ಮೂಲದಿಂದ ಅದನ್ನು ಕ್ಯಾಕೆಕ್ಟಿನ್ ಎಂದು ಕರೆದರು. ಗಡ್ಡೆಗಳನ್ನು ಕೊಲ್ಲುವ ಇನ್ನೊಂದು ಪದಾರ್ಥವೆಂದು ಬೇರೆಯವರು ಹಿಡಿದಿದ್ದುದೂ ಇದೇ ಎಂದು ಗೊತ್ತಾಯಿತು. ಇಂತಹ ದೂತವಸ್ತುಗಳು ಹಲವಿವೆ. ಅವು ಮಿದುಳಿಗೆ ಹೋಗಿ ಹಸಿವೆಯನ್ನು ಕುಗ್ಗಿಸುತ್ತವೆ, ಸ್ನಾಯುವಿಗೆ ಹೋಗಿ ಪ್ರೋಟೀನನ್ನು ಒಡೆಸುತ್ತವೆ, ಯಕೃತ್ತಿಗೆ ಹೋಗಿ ಅದರ ಕೆಲಸದ ಪಟ್ಟಿಯನ್ನೇ ಬದಲಾಯಿಸುತ್ತವೆ.

ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದೊಡ್ಡ ತಪ್ಪು ತಿಳಿವಳಿಕೆ ಇಲ್ಲಿಯೇ ಇದೆ. ಯುದ್ಧ ಬಂದಾಗ ಕೈಮಗ್ಗದ ಕಾರ್ಖಾನೆಯೂ ಸೀರೆ ನೇಯುವುದನ್ನು ನಿಲ್ಲಿಸಿ ಸಿಪಾಯಿಯ ಬಟ್ಟೆ ನೇಯಬೇಕಾಗುತ್ತದೆ. ಯಕೃತ್ತು ಶಾಂತಿಕಾಲದಲ್ಲಿ ಆಲ್ಬ್ಯುಮಿನ್ ತಯಾರಿಸುತ್ತಿರುತ್ತದೆ. ಉರಿಯೂತದ ಸುದ್ದಿ ಬಂದೊಡನೆ ಅದನ್ನು ಕಡಿಮೆ ಮಾಡಿ ಸಿಆರ್‌ಪಿ ಮೊದಲಾದ ಯುದ್ಧಸಾಮಗ್ರಿಗೆ ತೊಡಗುತ್ತದೆ. ಆದುದರಿಂದ ರಕ್ತದಲ್ಲಿ ಆಲ್ಬ್ಯುಮಿನ್ ಇಳಿದರೆ ಅದು ಊಟದ ಕೊರತೆಯಿಂದಲೂ ಇರಬಹುದು, ಊಟ ಚೆನ್ನಾಗಿದ್ದು ಉರಿಯೂತದಿಂದಲೂ ಇರಬಹುದು, ಮೂತ್ರದಲ್ಲಿ ಸೋರಿಯೂ ಇರಬಹುದು, ಮೈಯಲ್ಲಿ ನೀರು ಹೆಚ್ಚಾಗಿ ತೆಳುವಾಗಿಯೂ ಇರಬಹುದು. ಅಮೆರಿಕದಲ್ಲಿ ಲೌರಿ ಮತ್ತು ಲ್ಯೂ ಎಂಬವರು ೧೨,೦೦೦ಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ಲೆಕ್ಕ ನೋಡಿ ೧೯೯೦ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆಲ್ಬ್ಯುಮಿನ್ ಕಡಿಮೆಯಾದಷ್ಟೂ ಸಾವಿನ ಭಯ ಹೆಚ್ಚೆಂದು ಕಂಡಿತು. ಅಂದಿನಿಂದ ಈ ಅಂಕಿಯನ್ನು ಎಲ್ಲರೂ ನೋಡುತ್ತಾರೆ. ಆದರೆ ಚೀಟಿಯಲ್ಲಿ ಅಂಕಿ ಕೆಳಗಿದೆಯೆಂದ ಕೂಡಲೆ ಅಂಗಡಿಯಿಂದ ಪ್ರೋಟೀನ್ ಪುಡಿಯ ಡಬ್ಬಿ ತರುವುದು ಅರ್ಧ ಜ್ಞಾನ. ಕೆಂಡ ಎಲ್ಲಿದೆಯೆಂದು ಹುಡುಕದೆ ಪುಡಿ ಕುಡಿಸಿದರೆ ಡಬ್ಬಿಯ ಹಣ ಹೋಗುವುದಷ್ಟೆ.

ಸ್ವೀಡನ್ನಿನ ಸ್ಟೆನ್‌ವಿಂಕೆಲ್ ಮತ್ತು ಸಂಗಡಿಗರು ೧೯೯೯ರಲ್ಲಿ ಇನ್ನೊಂದು ಕೊಂಡಿಯನ್ನು ತೋರಿಸಿದರು. ಪೋಷಣೆ ಕೆಟ್ಟ ಮೂತ್ರಪಿಂಡ ರೋಗಿಗಳಲ್ಲಿಯೇ ಉರಿಯೂತವೂ ಹೆಚ್ಚು, ರಕ್ತನಾಳಗಳು ಗಡುಸಾಗಿ ಕಟ್ಟಿಕೊಳ್ಳುವುದೂ ಹೆಚ್ಚು. ಮೂರೂ ಒಟ್ಟೊಟ್ಟಿಗೆ ನಡೆಯುತ್ತವೆ. ಈ ರೋಗಿಗಳಲ್ಲಿ ಬಹುಮಂದಿ ಹೃದಯದ ಬೇನೆಯಿಂದ ಸಾಯುವುದೇಕೆಂಬುದಕ್ಕೆ ಇದರಿಂದ ಸ್ವಲ್ಪ ಬೆಳಕು ಬಿತ್ತು. ಅವರೇ ಸೊರಗುವಿಕೆಯಲ್ಲಿ ಎರಡು ಬಗೆಯನ್ನು ಗುರುತಿಸಿದರು. ಒಂದು, ಬರಿಯ ಊಟದ ಕೊರತೆಯದು; ಇದರಲ್ಲಿ ಆಲ್ಬ್ಯುಮಿನ್ ಅಷ್ಟಾಗಿ ಇಳಿಯುವುದಿಲ್ಲ, ಊಟದಿಂದ ಸರಿಹೋಗುತ್ತದೆ. ಇನ್ನೊಂದು, ಉರಿಯೂತದ್ದು, ಇದರಲ್ಲಿ ಆಲ್ಬ್ಯುಮಿನ್ ಬಹಳ ಇಳಿಯುತ್ತದೆ, ಊಟವೊಂದರಿಂದಲೇ ಸರಿಹೋಗುವುದಿಲ್ಲ. ಮನೆಗಳಲ್ಲಿ ನಾವು ಕಾಣುವುದು ಸಾಮಾನ್ಯವಾಗಿ ಎರಡರ ಬೆರಕೆ. ಈ ಸ್ಥಿತಿಗೆ ೨೦೦೮ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯೊಂದು ಪ್ರೋಟೀನು ಮತ್ತು ಶಕ್ತಿಯ ಸವಕಳಿ ಎಂಬರ್ಥದ ಹೆಸರು ಕೊಟ್ಟಿತು. ಬಯಸದೆಯೇ ಮೂರು ತಿಂಗಳಲ್ಲಿ ನೂರಕ್ಕೆ ಐದು, ಅಥವಾ ಆರು ತಿಂಗಳಲ್ಲಿ ನೂರಕ್ಕೆ ಹತ್ತು ಭಾಗ ತೂಕ ಇಳಿದರೆ ಎಚ್ಚರವಾಗಬೇಕೆಂಬುದು ಅವರು ಹೇಳಿದ ಗುರುತುಗಳಲ್ಲೊಂದು. ಸಾಮಾನ್ಯ ಜನರಲ್ಲಿ ಸ್ಥೂಲಕಾಯ ಕೆಡುಕು. ಡಯಾಲಿಸಿಸ್ ರೋಗಿಗಳಲ್ಲಿಯೋ, ದಪ್ಪಗಿರುವವರೇ ಹೆಚ್ಚು ಕಾಲ ಬದುಕುವುದು ಮತ್ತೆ ಮತ್ತೆ ಕಂಡುಬಂದಿದೆ!

ಇನ್ನು ತೂಕದ ಒಗಟು. ಮೂತ್ರ ಕಡಿಮೆಯಾದವರ ಮೈಯಲ್ಲಿ ನೀರು ನಿಲ್ಲುತ್ತದೆ. ಯಂತ್ರದಲ್ಲಿ ನೀರು ತೆಗೆದು ಯಾವ ತೂಕಕ್ಕೆ ತಂದು ನಿಲ್ಲಿಸಬೇಕೆಂದು ವೈದ್ಯರು ಗೊತ್ತುಮಾಡಿರುತ್ತಾರೆ, ಅದಕ್ಕೆ ಒಣತೂಕವೆನ್ನುತ್ತಾರೆ. ರಾಯರ ಒಣತೂಕ ೬೦ ಎಂದು ಒಂದು ವರ್ಷದ ಹಿಂದೆ ಬರೆದದ್ದು ಹಾಗೆಯೇ ನಡೆದುಬಂದಿತ್ತು. ಈ ನಡುವೆ ಆರು ಕಿಲೋಗ್ರಾಂ ಮಾಂಸ ಕರಗಿತ್ತು, ಅದರ ಜಾಗದಲ್ಲಿ ಆರು ಲೀಟರ್ ನೀರು ಬಂದು ಕುಳಿತಿತ್ತು. ತಕ್ಕಡಿಗೆ ಮಾಂಸ ಯಾವುದು, ನೀರು ಯಾವುದು ಗೊತ್ತಿಲ್ಲ. ಉಂಗುರ ಜಾರುವುದು, ಕುಪ್ಪಸದ ತೋಳು ಸಡಿಲವಾಗುವುದು, ಕೆನ್ನೆಯ ಮೂಳೆ ಎದ್ದುಕಾಣುವುದು, ನೆಲದಿಂದ ಏಳುವಾಗ ಕೈಯೂರುವುದು, ಸಂಜೆಗೆ ಪಾದ ಊದುವುದು, ಇವೇ ಮನೆಯವರಿಗೆ ಸಿಗುವ ಸಾಕ್ಷಿ. ತಿಂಗಳಿಗೊಮ್ಮೆ ದರ್ಜಿಯ ಅಳತೆಪಟ್ಟಿಯಿಂದ ತೋಳಿನ ನಡುಭಾಗದ ಸುತ್ತಳತೆ ತೆಗೆದು ಬರೆದಿಟ್ಟುಕೊಂಡರೆ ಬಹಳ ಉಪಯೋಗ. ರಕ್ತ ತೆಗೆಯಲು ಕೊಳವೆ ಜೋಡಿಸಿರುವ ತೋಳನ್ನು ಮಾತ್ರ ಬಿಡಬೇಕು.

ಕೆಂಡ ಎಲ್ಲೆಲ್ಲಿ ಅಡಗಿರುತ್ತದೆ? ಮೊದಲನೆಯದಾಗಿ ಮೂತ್ರಪಿಂಡದ ವೈಫಲ್ಯವೇ ಒಂದು ಕಾರಣ. ಉರಿಯೂತದ ದೂತವಸ್ತುಗಳು ಹೊರಹೋಗದೆ ಉಳಿಯುತ್ತವೆ. ಹಲ್ಲು ಮತ್ತು ವಸಡು ಬಹಳ ಮುಖ್ಯ, ಬಹಳ ಅಲಕ್ಷಿತ. ಕುತ್ತಿಗೆಯಲ್ಲಿ ಹಾಕಿದ ಕೊಳವೆ ತಿಂಗಳುಗಟ್ಟಲೆ ಅಲ್ಲಿಯೇ ಇದ್ದರೆ ರೋಗಾಣುಗಳಿಗೆ ಹೆದ್ದಾರಿ. ೧೯೬೬ರಲ್ಲಿ ಬ್ರೆಷಿಯ ಮತ್ತು ಚಿಮಿನೊ ಎಂಬವರು ತೋರಿಸಿದಂತೆ ಕೈಯ ರಕ್ತನಾಳಗಳನ್ನೇ ಜೋಡಿಸಿ ಮಾಡುವ ಫಿಸ್ಟುಲ ಎಷ್ಟೋ ಮೇಲು. ಹಿಂದೆ ಕಸಿ ಮಾಡಿ ಈಗ ಸತ್ತಂತಿರುವ ಮೂತ್ರಪಿಂಡ ಹೊಟ್ಟೆಯಲ್ಲಿದ್ದರೆ ಅದೂ ಹೊಗೆಯಾಡುತ್ತಿರಬಹುದು. ಮೈಯಲ್ಲಿ ನೀರು ನಿಂತಾಗ ಕರುಳಿನ ಗೋಡೆ ಊದಿ, ಒಳಗಿನ ಸೂಕ್ಷ್ಮಜೀವಿಗಳ ವಿಷ ರಕ್ತಕ್ಕೆ ಜಿನುಗುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಗುಪ್ತವಾಗಿರುವ ಕ್ಷಯ, ಇವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಯಂತ್ರದ ನೀರೂ ಒಂದು ಮೂಲ. ಒಂದು ಸರದಿಗೆ ಸುಮಾರು ೧೨೦ ಲೀಟರ್ ನೀರು ರೋಗಿಯ ರಕ್ತದ ಮಗ್ಗುಲಲ್ಲಿಯೇ, ತೆಳು ಪೊರೆಯೊಂದರ ಆಚೆ ಹರಿಯುತ್ತದೆ. ಅದು ಕುಡಿಯುವ ನೀರಿಗಿಂತ ಎಷ್ಟೋ ಶುದ್ಧವಾಗಿರಬೇಕು.

ಗುಪ್ತ ಉರಿಯೂತದ ಇನ್ನೊಂದು ಸುಳಿವು: ರಕ್ತಹೀನತೆಗೆ ಎರಿತ್ರೊಪೊಯಿಟಿನ್ ಸೂಜಿ ಹಾಕಿಸಿದರೂ, ಕಬ್ಬಿಣ ಕೊಟ್ಟರೂ, ಹಿಮೊಗ್ಲೋಬಿನ್ ಏರದಿರುವುದು. ಉರಿಯೂತವಿದ್ದಾಗ ಯಕೃತ್ತು ಹೆಪ್ಸಿಡಿನ್ ಎಂಬ ಪದಾರ್ಥವನ್ನು ಸುರಿಸುತ್ತದೆ, ಅದು ಕಬ್ಬಿಣವನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕುತ್ತದೆ. ಸೂಜಿಯನ್ನು ದೂರುವ ಮೊದಲು ಇದನ್ನು ವಿಚಾರಿಸಬೇಕು.

ಇಲ್ಲೊಂದು ಅಪಾಯದ ಮಾತು. ಉರಿಯೂತವೆಂದೊಡನೆ ಉರಿಯೂತದ ಗುಳಿಗೆ ನುಂಗೋಣವೆಂದು ಯಾರಾದರೂ ಎಣಿಸಿದರೆ ಕೆಟ್ಟಿತು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಗುಳಿಗೆಗಳು ಉರಿಯೂತವನ್ನು ತಗ್ಗಿಸುವವೇ ಹೌದು. ಆದರೆ ಅವು ಉಳಿದಷ್ಟು ಮೂತ್ರಪಿಂಡವನ್ನೂ ಹಾಳುಮಾಡುತ್ತವೆ. ಮಂಡಿನೋವಿಗೆಂದು ಔಷಧದಂಗಡಿಯಲ್ಲಿ ಕೇಳಿ ತರುವ ಪೊಟ್ಟಣದಲ್ಲಿರುವುದು ಬಹುಪಾಲು ಇವೇ. ಈ ಒಳಗಿನ ಕೆಂಡವನ್ನು ಒಟ್ಟಾರೆ ಆರಿಸಲು ಎಲ್ಲರಿಗೂ ಕೊಡಬಹುದಾದ ಒಂದು ಗುಳಿಗೆ ಇಂದಿಗೂ ಬಳಕೆಗೆ ಬಂದಿಲ್ಲ. ಮೂಲವನ್ನು ಹುಡುಕಿ ತೆಗೆಯುವುದೇ ದಾರಿ.

ಈಗ ಊಟ. ನಮ್ಮ ಸಸ್ಯಾಹಾರಿ ಮನೆಯ ಲೆಕ್ಕ ಹಾಕೋಣ. ೧೫೦ ಗ್ರಾಂ ಅಕ್ಕಿಯಲ್ಲಿ ಸುಮಾರು ೧೧ ಗ್ರಾಂ ಪ್ರೋಟೀನು, ೧೦೦ ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ೧೦, ೫೦ ಗ್ರಾಂ ತೊಗರಿಬೇಳೆಯಲ್ಲಿ ೧೧, ಕಾಲು ಲೀಟರ್ ಮೊಸರಿನಲ್ಲಿ ೮. ಒಟ್ಟು ೪೦. ಡಯಾಲಿಸಿಸ್ ರೋಗಿಗೆ ಇದೂ ಸಾಲದು. ರಾಯರ ತಟ್ಟೆಯಲ್ಲಿದ್ದುದು ಇದರ ಅರ್ಧವೂ ಅಲ್ಲ. ಮೊಟ್ಟೆ ತಿನ್ನುವವರಿಗೆ ಸುಲಭ. ಒಂದು ಮೊಟ್ಟೆಯ ಬಿಳಿಯಲ್ಲಿ ಮೂರೂವರೆ ಗ್ರಾಂ ಪ್ರೋಟೀನು, ರಂಜಕವೂ ಕಡಿಮೆ. ತಿನ್ನದವರಿಗೆ ಪನೀರು ಇದೆ, ವಿದರ್ಭದಲ್ಲಿ ಎಲ್ಲೆಡೆ ಬೆಳೆಯುವ ಸೋಯ ಇದೆ. ಬೇಳೆಯಲ್ಲಿ ರಂಜಕವಿದೆಯೆಂದು ಹೆದರಿಸುವವರುಂಟು. ಧಾನ್ಯ ಬೇಳೆಗಳ ರಂಜಕ ಕರುಳಿನಲ್ಲಿ ಪೂರ್ತಿ ಹೀರಿಹೋಗುವುದಿಲ್ಲ. ಕಾರ್ಖಾನೆಯ ತಿಂಡಿಗಳಿಗೂ ಕಪ್ಪು ಪಾನೀಯಗಳಿಗೂ ಸೇರಿಸುವ ರಂಜಕವೇ ಬಹುಪಾಲು ಹೀರಿಹೋಗುವಂಥದು. ಪ್ರೋಟೀನಿನ ಜೊತೆಗೆ ಒಟ್ಟು ಊಟವೂ ಸಾಕಷ್ಟಿರಬೇಕು, ದಿನಕ್ಕೆ ಕಿಲೋಗ್ರಾಮಿಗೆ ೨೫ರಿಂದ ೩೫ ಕಿಲೋಕ್ಯಾಲೊರಿ. ಇಲ್ಲದಿದ್ದರೆ ತಿಂದ ಬೇಳೆಯನ್ನೂ ದೇಹ ಸೌದೆಯಾಗಿ ಉರಿಸಿಬಿಡುತ್ತದೆ. ತುಪ್ಪ ಎಣ್ಣೆಗಳನ್ನು ಪೂರ್ತಿ ಬಿಟ್ಟು ಕುಳಿತವರಿಗೆ ಇದನ್ನು ತಿಳಿಸಬೇಕು.

ನಾಗಪುರದವರಿಗೆ ಎರಡು ವಿಶೇಷ ಕಷ್ಟ. ಒಂದು ನಮ್ಮ ಕಿತ್ತಳೆ. ಅಂಬಿಯಾ ಬಹಾರದ ಹಣ್ಣು ಚಳಿಗಾಲದ ಆರಂಭದಲ್ಲಿ, ಮೃಗ ಬಹಾರದ್ದು ಫೆಬ್ರವರಿ-ಮಾರ್ಚಿನಲ್ಲಿ ಬೀದಿ ತುಂಬುತ್ತದೆ. ರೋಗಿಯನ್ನು ನೋಡಲು ಹೋಗುವವರೆಲ್ಲ ಒಂದು ಡಜನ್ ಹಿಡಿದೇ ಹೋಗುತ್ತಾರೆ. ಕಿತ್ತಳೆಯಲ್ಲಿ ಪೊಟಾಸಿಯಂ ಇದೆ. ಕೆಟ್ಟ ಪಿಂಡ ಅದನ್ನು ಹೊರಹಾಕದು; ರಕ್ತದಲ್ಲಿ ಅತಿಯಾದರೆ ಹೃದಯದ ಬಡಿತವೇ ನಿಂತೀತು. ತೊಳೆ ಎರಡು ತಿನ್ನುವುದಕ್ಕೂ ಐದು ಹಣ್ಣು ಹಿಂಡಿ ಲೋಟ ತುಂಬಿ ಕುಡಿಸುವುದಕ್ಕೂ ಬಹಳ ವ್ಯತ್ಯಾಸ. ರಸ ಬೇಡ, ಎಳನೀರೂ ಬೇಡ. ಧಾರೆಹುಳಿಯನ್ನಂತೂ, ಕಮರಾಕ್ಷಿ ಎಂದೂ ಕರೆಯುತ್ತೇವಲ್ಲ, ಮುಟ್ಟಲೇಬಾರದು. ಅದರಲ್ಲಿ ಮೂತ್ರಪಿಂಡ ರೋಗಿಯ ಮಿದುಳಿಗೆ ತಗಲುವ ವಿಷವಿದೆ. ತರಕಾರಿಯನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ನೀರು ಬಸಿದರೆ ಪೊಟಾಸಿಯಂ ಬಹುಮಟ್ಟಿಗೆ ಹೋಗುತ್ತದೆ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಪೊಟಾಸಿಯಂ ಕ್ಲೋರೈಡು ತುಂಬಿರುತ್ತದೆ, ಅದೂ ಕೂಡದು.

ಇನ್ನೊಂದು ಕಷ್ಟ ಬೇಸಗೆ. ಮೇ ತಿಂಗಳಲ್ಲಿ ೪೫ ಡಿಗ್ರಿ ದಾಟುವ ಈ ಊರಿನಲ್ಲಿ, ದಿನಕ್ಕೆ ಇಷ್ಟೇ ನೀರು ಎಂದು ಕಟ್ಟಳೆಯಿರುವವನ ಪಾಡು ನೋಡಲಾಗದು. ಬಾಯಾರಿಕೆಗೆ ಮುಖ್ಯ ಕಾರಣ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಪೇಟೆಯ ಖಾರದ ಚಿವಡಾ ಬಿಟ್ಟರೆ ಅರ್ಧ ದಾಹ ತಾನಾಗಿ ಇಳಿಯುತ್ತದೆ. ಮಂಜಿನ ತುಣುಕು ಚೀಪುವುದು, ನಿಂಬೆಯ ಹೋಳು ಬಾಯಲ್ಲಿಟ್ಟುಕೊಳ್ಳುವುದು ಕೆಲವರಿಗೆ ಅನುಕೂಲ. ಯಂತ್ರದ ದಿನ ಬುತ್ತಿ ಕಟ್ಟಿಕೊಂಡು ಹೋಗುವುದೂ ಒಳ್ಳೆಯದು. ನಡುವೆ ತಿಂದರೆ ಕೆಲವರಿಗೆ ರಕ್ತದೊತ್ತಡ ಇಳಿಯುತ್ತದೆ, ಅವರು ಮುಗಿದ ಮೇಲೆ ತಿನ್ನಬೇಕು.

ಬಡವರು ಇದನ್ನೆಲ್ಲ ಹೇಗೆ ನಿಭಾಯಿಸಬೇಕೆಂದು ಕೇಳಬಹುದು. ೨೦೧೬ರಿಂದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಇದು ಉಚಿತ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿಬಾ ಫುಲೆ ಜನಾರೋಗ್ಯ ಯೋಜನೆಯೂ ಇದಕ್ಕೆ ಒದಗುತ್ತದೆ. ೧೯೪೭ರಲ್ಲಿ ಆರಂಭವಾದ, ಊರವರೆಲ್ಲ 'ಮೆಡಿಕಲ್' ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲಿ ಮೂತ್ರಪಿಂಡದ ವಿಭಾಗವಿದೆ. ಯಂತ್ರದ ಖರ್ಚು ಹೀಗೆ ನಡೆದರೂ ಬೇಳೆ ಮೊಸರಿನ ಖರ್ಚನ್ನು ಯಾವ ಯೋಜನೆಯೂ ಕೊಡುವುದಿಲ್ಲ. ಇದು ನನಗೆ ವಿಚಿತ್ರವಾಗಿ ತೋರುತ್ತದೆ.

ರಾಯರ ಮಗ ಅವರನ್ನು ಮತ್ತೆ ತಜ್ಞರಲ್ಲಿಗೆ ಕರೆದೊಯ್ದ. ಸಿಆರ್‌ಪಿ ಏರಿತ್ತು, ಆಲ್ಬ್ಯುಮಿನ್ ೨.೯ಕ್ಕೆ ಇಳಿದಿತ್ತು. ಮುರಿದ ದವಡೆಹಲ್ಲೊಂದರ ಬೇರಿನಲ್ಲಿ ಕೀವು ಸಿಕ್ಕಿತು, ಅದನ್ನು ತೆಗೆದರು. ಕುತ್ತಿಗೆಯ ಕೊಳವೆ ತೆಗೆದು ಕೈಯಲ್ಲಿ ಫಿಸ್ಟುಲ ಮಾಡಿದರು. ವಾರಕ್ಕೆ ಎರಡರ ಬದಲು ಮೂರು ಸರದಿಯಾಯಿತು. ಒಣತೂಕವನ್ನು ನಿಧಾನವಾಗಿ ೫೪ಕ್ಕೆ ಇಳಿಸಿದರು, ಪಾದದ ಊತ ಹೋಯಿತು. ಮನೆಯಲ್ಲಿ ಬೇಳೆ ಮತ್ತೆ ಬೆಂದಿತು. ಮೊಟ್ಟೆಯನ್ನು ಅವರು ಕೊನೆಗೂ ಮುಟ್ಟಲಿಲ್ಲ, ಪನೀರಿಗೆ ಒಪ್ಪಿದರು. ದಿನಕ್ಕೆ ಅರ್ಧ ಗಂಟೆ ನಡೆಯಲು ತೊಡಗಿದರು, ಏಕೆಂದರೆ ದುಡಿಯದ ಸ್ನಾಯುವಿಗೆ ಊಟವೂ ಹತ್ತುವುದಿಲ್ಲ. ಆಲ್ಬ್ಯುಮಿನ್‌ಗೆ ಅವಸರವಿಲ್ಲ, ಒಂದು ಸಲ ರಕ್ತಕ್ಕೆ ಬಂದರೆ ಅದರ ಅರ್ಧ ಸವೆಯಲು ಇಪ್ಪತ್ತು ದಿನ ಬೇಕು, ಏರುವುದೂ ಅಷ್ಟೇ ನಿಧಾನ. ನಾಲ್ಕು ತಿಂಗಳ ಮೇಲೆ ೩.೪ ಆಯಿತು. ೫೪ ಇದ್ದ ಒಣತೂಕ ೫೬ಕ್ಕೆ ಏರಿತು, ಈ ಬಾರಿ ಮಾಂಸದಿಂದ.

ಉಂಗುರವನ್ನ ಅವರು ಮತ್ತೆ ತೊಡಲಿಲ್ಲ, ಸೊಸೆಗೆ ಕೊಟ್ಟರಂತೆ. ವಾಚನಾಲಯಕ್ಕೆ ಮತ್ತೆ ಬರತೊಡಗಿದರು, ಯಂತ್ರದ ಮೂರು ದಿನ ಬಿಟ್ಟು ಉಳಿದ ನಾಲ್ಕು ದಿನ. ಅವರ ಮನೆಯವರು ಬೇಳೆಯನ್ನು ತೂಗಲು ಸಣ್ಣದೊಂದು ತಕ್ಕಡಿ ತರಿಸಿ, ಅಡಿಗೆಮನೆಯ ಗೋಡೆಗೆ ಪ್ರೋಟೀನಿನ ಲೆಕ್ಕದ ಕಾಗದ ಅಂಟಿಸಿದ್ದಾರೆ. ಬೇಕಾದವರು ನಕಲು ಮಾಡಿಕೊಳ್ಳಲೆಂದು ಅದರ ಒಂದು ಪ್ರತಿಯನ್ನು ವಾಚನಾಲಯದ ಫಲಕದ ಮೇಲೆಯೂ ಹಾಕಿದೆ.